ಹೆಕೋ ಬೀದಿಯಲ್ಲಿ ನಿನ್ನ ಭಾವ

ಶಿತಾನ್ ಹಳ್ಳಿ,
ಆರನೆಯ ತಿಂಗಳ ಒಂಬತ್ತು, 1986

ಪ್ರೀತಿಯ ತಮ್ಮ ದೆಶೆಂಗ್‌ಗೆ,

ನಿನ್ನ ಅಕ್ಕ ಸುಮೇ ಮಾಡುವ ಆಶೀರ್ವಾದ. ಆರೋಗ್ಯವಾಗಿದ್ದೀಯಾ? ಖಾರ ತಿಂದರೆ ಬರುತ್ತಿದ್ದ ಹೊಟ್ಟೆನೋವು ಈಗ ಹೇಗಿದೆ? ಮಡಕೆ ಗೂಡಿನ ಬೆಂಕಿಯ ಮುಂದೆ ಕೆಲಸ ಅಂತ ಬರೆದಿದ್ದೀಯ, ನೀರು ಚೆನ್ನಾಗಿ ಕುಡಿ. ಫೋಟೋ ತಲುಪಿತು. ಆ ಕಪ್ಪು ಕನ್ನಡಕ ಯಾರದ್ದೋ ಎರವಲು ತಂದದ್ದಿರಬೇಕು, ನಿನ್ನ ಮೂಗಿಗೆ ಅದು ಒಂಚೂರೂ ಒಪ್ಪುವುದಿಲ್ಲ. ಅಪ್ಪನಿಗೆ ಕೆಮ್ಮು ಕಡಿಮೆಯಾಗಿದೆ. ನಾಟಿ ಮುಗಿದು ಪೈರು ಹಿಡಿದುಕೊಂಡಿದೆ. ಹುಳಿ ಸಾಸಿವೆಸೊಪ್ಪಿನ ಉಪ್ಪಿನಕಾಯಿ ಕಳಿಸು ಅಂತ ಕೇಳಿದ್ದೀಯ. ನಿನ್ನ ಕಾಗದವನ್ನು ಎರಡು ಸಲ ಓದಿದೆ, ಹಿಂದೆ ಮುಂದೆ ತಿರುಗಿಸಿಯೂ ನೋಡಿದೆ. ಉಪ್ಪಿನಕಾಯಿಯ ಮಾತಿದೆ, ಹಂದಿಮರಿಗಳ ಮಾತಿದೆ, ನಿನ್ನ ಭಾವನ ಹೆಸರಿಲ್ಲ. ಮದುವೆ ದಿಬ್ಬಣಕ್ಕೆ ಹೋದವನ ಹಾಗೆ ಎಲ್ಲರೂ ಸುಖವಾ ಅಂತ ಕೇಳಿದ್ದೀಯಲ್ಲ, ಯಾವ ಬಾಯಿಂದ ಕೇಳಿದೆ?

ನಿನಗೆ ಮರೆತಿದ್ದರೆ ನಾನೇ ನೆನಪು ಮಾಡುತ್ತೇನೆ. ನಾಟಿಯ ಹೊತ್ತಿಗೆ ತೂಬಿನ ನೀರಿಗಾಗಿ ಕೆಳಗಿನ ಊರು ಹೆಕೋದವರಿಗೂ ನಮಗೂ ಜಗಳವಾಯಿತು. ಪ್ರತಿ ವರ್ಷ ಆಗುವುದೇ, ಆದರೆ ಆ ದಿನ ಕೈ ಕೈ ಮಿಲಾಯಿಸುವ ತನಕ ಹೋಯಿತು. ಹೆಕೋದ ಆ ಬಡಗಿ ಬಾವ್‌ಲಿನ್ ಸಲಿಕೆಯನ್ನು ದಂಡೆಯ ಮೇಲೆ ಬಿಸುಟು, ಸಾಕು ಬಿಡ್ರಪ್ಪ ಅನ್ನುತ್ತಾ ತೂಬಿನ ಹಲಗೆ ಎತ್ತಲು ಬಗ್ಗಿದ್ದ. ಅಂಥವನ ಮೇಲೆ ನೀನು ಹಿಂದಿನಿಂದ ಅಡ್ಡೆ ಬೀಸಿದೆ. ಹೊಡೆತ ಬಲಗೈ ಮಣಿಕಟ್ಟಿಗೆ ಬಿದ್ದು ಮೂಳೆ ಮೂರು ಕಡೆ ಮುರಿಯಿತು. ಕೆಸರಿಗೆ ಮುಖ ಕೊಟ್ಟು ಬಿದ್ದವನಿಗೆ ಹೊಡೆದವರು ಯಾರೆಂದು ಕಾಣಲಿಲ್ಲ. ಕಂಡದ್ದು ನಿನ್ನ ಪಕ್ಕದಲ್ಲೇ ಇದ್ದ ನಿನ್ನ ಭಾವನಿಗೆ ಮಾತ್ರ. ಅಡ್ಡೆಯೂ ಅವರದೇ, ತೋಫು ಮಾರಲು ಹೆಗಲ ಮೇಲೆ ಹೊರುವ ಅಡ್ಡೆ.

ಎರಡೂ ಊರಿನ ಹಿರಿಯರು ಕೂತು ತೀರ್ಮಾನ ಮಾಡಿದರು. ಪೊಲೀಸರು ಬೇಡ, ಹೊಡೆದವನು ಹಾಡಹಗಲು ಹೆಕೋ ಬೀದಿಯ ಉದ್ದಕ್ಕೂ ನಡೆದು, ಬಾವ್‌ಲಿನ್‌ನ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿ, ಪಟಾಕಿ ಸರ ಹಚ್ಚಿ, ಮೂರು ಸಲ ಬಾಗಲಿ, ಅಲ್ಲಿಗೆ ಮುಗಿಯಿತು ಎಂದರು. ಆ ರಾತ್ರಿ ನೀನು ನನ್ನ ಅಡುಗೆಮನೆಯಲ್ಲಿ ಕೂತು ಅತ್ತೆ. "ಅಕ್ಕಾ, ನಾನೇ ಹೋಗ್ತೀನಿ, ನನ್ನಾಣೆ" ಅಂದೆ. ನಾನು ನಂಬಿದೆ. ಅಮ್ಮ ಸತ್ತಾಗ ನಿನಗೆ ಎರಡು ವರ್ಷ, ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು ನಾನು. ಪ್ರವಾಹಕ್ಕೆ ಹಾರಿ ಎಮ್ಮೆ ಎಳೆದು ತಂದವನು, ದೋಣಿಕಟ್ಟೆಯಲ್ಲಿ ಮೂವರು ಕಳ್ಳರನ್ನು ಒಬ್ಬನೇ ಅಟ್ಟಿದವನು, ಇಷ್ಟು ಮಾಡಲಾರನೇ ಅಂದುಕೊಂಡೆ. ನಾಲ್ಕು ದಿನ ಮೊದಲೇ ಪೇಟೆಗೆ ಹೋಗಿ ಕೆಂಪು ಬಟ್ಟೆ ತಂದೆ, ನಿನ್ನ ಅಂಗಿಗೆ ಗಂಜಿ ಹಾಕಿದೆ, ನೀನು ಹೋಗಬೇಕಾದ ದಿನ ಬೆಳಿಗ್ಗೆ ಮೊಟ್ಟೆ ಬೇಯಿಸಿ ಕರೆಯಲು ಬಂದರೆ ಹಾಸಿಗೆ ಖಾಲಿ. ಅದಾದರೂ ಹೋಗಲಿ, ಹೆದರಿಕೆ ಯಾರಿಗಿಲ್ಲ ಅಂತ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಆದರೆ ಹಿಂದಿನ ಸಂಜೆಯೇ ನೀನು ಊರ ಮುಖ್ಯಸ್ಥರ ಮನೆಗೆ ಹೋಗಿ, ಹೊಡೆದದ್ದು ಭಾವ, ಅಡ್ಡೆ ಬೇಕಾದರೆ ನೋಡಿ ಅಂತ ಹೇಳಿ ಹೋಗಿದ್ದೆ. ಅದನ್ನು ಅವರ ಬಾಯಿಂದಲೇ ಕೇಳಬೇಕಾಯಿತು. ಉಂಡ ಮನೆಗೆ ಎರಡು ಬಗೆದೆ ತಮ್ಮಾ. ನನಗೆ ಮೋಸ ಮಾಡಿದೆ.

ನಿನ್ನ ಭಾವ ಪೇಗನ್ ಎಂಥವರು ಅಂತ ನಿನಗೆ ಗೊತ್ತಲ್ಲ. ಬಾತುಕೋಳಿ ಅಟ್ಟಿಸಿಕೊಂಡು ಬಂದರೆ ಹೊಲ ದಾಟಿ ಓಡುವವರು, ಗದ್ದೆಯಲ್ಲಿ ಜಿಗಣೆ ಕಂಡರೆ ನನ್ನನ್ನು ಕೂಗುವವರು. ಅವರು ಮಾರುವ ಸೋಯಾ ಗಿಣ್ಣಿನಷ್ಟೇ ಮೆತ್ತಗೆಂದು ನೀನೇ ಅವರಿಗೆ 'ತೋಫು ಭಾವ' ಅಂತ ಹೆಸರಿಟ್ಟು ಊರೆಲ್ಲ ನಗಿಸಿದವನು. ಆ ದಿನ ಅವರು ಯಾರ ಹತ್ತಿರವೂ ವಾದ ಮಾಡಲಿಲ್ಲ. ನಿನಗೆಂದು ಗಂಜಿ ಹಾಕಿದ ಅಂಗಿ ತೊಟ್ಟರು, ತೋಳು ಮೊಣಕೈ ದಾಟಲಿಲ್ಲ. ಹೋಗಬೇಡಿ ಅಂತ ಬಾಗಿಲಿಗೆ ಅಡ್ಡ ನಿಂತೆ. "ಯಾರಾದ್ರೂ ಒಬ್ರು ಹೋಗ್ಲೇಬೇಕಲ್ವೇನೆ. ಇಲ್ದಿದ್ರೆ ಸಂಜೆಯೊಳಗೆ ಎರಡೂ ಊರೋರು ಮತ್ತೆ ದೊಣ್ಣೆ ಹಿಡೀತಾರೆ" ಅಂದರು. ನಾನು ದೂರದಿಂದ ಹಿಂದೆಯೇ ಹೋದೆ. ಹೆಕೋ ಬೀದಿಯ ಎರಡೂ ಬದಿ ಜನ. ಒಬ್ಬಳು ಪಾತ್ರೆ ತೊಳೆದ ನೀರನ್ನು ಅವರ ಕಾಲ ಮೇಲೆ ಎರಚಿದಳು. "ಬೆನ್ನಿಗೆ ಹೊಡಿಯೋನು ಬಂದ, ಬೆನ್ನು ತಿರುಗಿಸ್ಬೇಡ್ರೋ" ಅಂತ ಒಬ್ಬ ಕೂಗಿದ, ಎಲ್ಲರೂ ನಕ್ಕರು. ಬಾಗಿಲ ಮುಂದೆ ನಿಂತು ಬೆಂಕಿಕಡ್ಡಿ ಗೀರಿದರೆ ಒಂದಾದ ಮೇಲೊಂದು ಮೂರು ಕಡ್ಡಿ ಮುರಿದವು. ಕೊನೆಗೆ ಬಾವ್‌ಲಿನ್ ತಾನೇ ಎದ್ದು ಬಂದು, ಎಡಗೈಯಲ್ಲಿ ಕಡ್ಡಿ ಗೀರಿ ಹಿಡಿದ. ಪಟಾಕಿ ಸಿಡಿದು ಮುಗಿಯುವ ತನಕ ನಿನ್ನ ಭಾವ ಬಾಗಿದ ಸೊಂಟ ಎತ್ತಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷ, ನನ್ನ ಗಂಡನನ್ನು ನಾನು ನೋಡಿದ್ದು ಆವತ್ತೇ.

ಈಗ ಹೆಕೋದಲ್ಲಿ ನಿನ್ನ ಭಾವನ ತೋಫುವನ್ನು ಯಾರೂ ಮುಟ್ಟುವುದಿಲ್ಲ. ನಮ್ಮೂರ ಮಕ್ಕಳೂ ಅವರನ್ನು ಕಂಡರೆ ಬೆನ್ನನ್ನು ಗೋಡೆಗೆ ಒತ್ತಿ ನಿಂತು ನಗುತ್ತವೆ. ನೀನು ಮಾತ್ರ ಇನ್ನೂ ಊರಿನ ಹುಲಿ. ತಡೆಯಲಾರದೆ ಅಪ್ಪನ ಹತ್ತಿರ ಹೋಗಿ ಇದ್ದದ್ದೆಲ್ಲ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತಂತೆ! ನೀನು ಬಸ್ಸು ಹತ್ತುವ ಮುಂಚೆ ಎಲ್ಲ ಹೇಳಿ ಅವರ ಕಾಲು ಹಿಡಿದಿದ್ದೆಯಂತೆ. ನೆನಪಿದೆಯಾ, ನಮ್ಮಿಬ್ಬರನ್ನೂ ಅಂಗಳದಲ್ಲಿ ಕೂರಿಸಿ ದೊಣ್ಣೆವರಸೆ ಕಲಿಸುವ ಮೊದಲು ಅವರು ಏನು ಹೇಳುತ್ತಿದ್ದರು? ಕೆಚ್ಚು ಹುಂಜಕ್ಕೂ ಇರುತ್ತೆ, ಮನುಷ್ಯನ ಧೈರ್ಯ ನಾಚಿಕೆಯಿಂದ ಶುರುವಾಗುತ್ತೆ, ನಾಚಿಕೆ ಇಲ್ಲದವನಿಗೆ ಬರೀ ತೋಳಿರುತ್ತೆ ಅಂತ. ಆ ಮಾತನ್ನು ನಾನು ಅಕ್ಕಿಯಂತೆ ಕಾಪಾಡಿಕೊಂಡು ಬಂದಿದ್ದೆ. ಈಗ ಅದೇ ಅಪ್ಪ ಮುಖ ತಿರುಗಿಸಿಕೊಂಡು, "ಮನೆ ಮಗನ ತಪ್ಪನ್ನ ಮನೆಯೋರೇ ಮುಚ್ಬೇಕಮ್ಮ. ಹಿರಿಯರು ಹಾಗೇ ನಡ್ಕೊಂಡು ಬಂದಿದ್ದಾರೆ" ಅಂದರು. "ಅಳಿಯನ ಮರ್ಯಾದೆ ಹರಿದು ಮುಚ್ಚಿ ಅಂತಾನೂ ಹಿರಿಯರೇ ಹೇಳಿದ್ರಾ?" ಅಂತ ಕೇಳಿದೆ. ಅವರು ಹಂದಿಗಳಿಗೆ ಮೇವು ಹಾಕಲು ಎದ್ದುಹೋದರು. ಅಡ್ಡೆ ಬೀಸಿದ್ದು ನೀನು, ಮಾತು ಮುರಿದದ್ದು ನೀನೂ ಅಪ್ಪನೂ ಇಬ್ಬರೂ. ಯಾರಿಂದ ಹೆಚ್ಚು ನೋವಾಯಿತು ಅಂತ ಕೇಳಿದರೆ ಹೇಳಲಾರೆ. ಎರಡು ತಿಂಗಳು ನಾನೂ ಬಾಯಿ ಮುಚ್ಚಿಕೊಂಡು ಇದ್ದೇನಲ್ಲ, ಆ ಸಾಲಿನಲ್ಲಿ ಮೂರನೆಯವಳು ನಾನೇ.

ತಮ್ಮಾ, ನಿನ್ನ ಮೇಲೆ ಪ್ರೀತಿ ಹೋಗಿಲ್ಲ, ಹೋಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಊರಿಗೆ ಬಾ. ಬಂದು ನಿನ್ನ ಬಾಯಿಂದಲೇ ಹೇಳು. ಎಮ್ಮೆ ಎಳೆದು ತರುವುದಕ್ಕಿಂತ ಕಷ್ಟ ಅಂತ ಗೊತ್ತು. ಉಪ್ಪಿನಕಾಯಿ ಕಳಿಸಿದ್ದೇನೆ, ತಂಗಳನ್ನದ ಜೊತೆ ತಿನ್ನಬೇಡ, ಹೊಟ್ಟೆನೋವು ಬರುತ್ತೆ. ಭಾವ ನಿನ್ನ ಕ್ಷೇಮ ಕೇಳಿದರು ಅಂತ ಬರೆಯಲು ಹೇಳಿದ್ದಾರೆ. ನಿಜವಾಗಿಯೂ ಹೇಳಿದ್ದಾರೆ, ನಾನು ಸೇರಿಸಿದ್ದಲ್ಲ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಸುಮೇ

ಮತ್ತೊಂದು ಮಾತು: ಈ ಕಾಗದ ಐದು ದಿನ ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ಇವತ್ತು ಬೆಳಿಗ್ಗೆ ಅಪ್ಪನಿಗೂ ಹೇಳದೆ, ನಿನ್ನ ಭಾವನಿಗೂ ಹೇಳದೆ ಒಬ್ಬಳೇ ಹೆಕೋಗೆ ಹೋದೆ. ಬೀದಿಯಲ್ಲಿ ಜನ ನೋಡುತ್ತಿದ್ದರು, ಆದರೂ ಅದರ ಉದ್ದಕ್ಕೂ ನಡೆದೆ. ಬಾವ್‌ಲಿನ್‌ನ ಬಾಗಿಲಲ್ಲಿ ನಿಂತು, ನಿಮ್ಮ ಕೈ ಮುರಿದದ್ದು ನನ್ನ ತಮ್ಮ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅವನು ತನ್ನ ಬಲಗೈಯನ್ನೊಮ್ಮೆ ನೋಡಿಕೊಂಡ. ಆಮೇಲೆ ನಿನ್ನ ವಿಳಾಸ ಕೇಳಿದ. ನಾನು ಕೊಟ್ಟೆ. "ಹೊಡಿಯೋಕಲ್ಲ ಅಕ್ಕಾ, ಈ ಕೈಯಲ್ಲಿ ಲೋಟ ಎತ್ತೋಕೂ ಆಗಲ್ಲ. ಒಂದ್ಸಲ ಅವನ ಮುಖ ನೋಡ್ಬೇಕು" ಅಂದ. ನಾಳೆಯ ಬಸ್ಸಿಗೆ ಹೊರಡುತ್ತಾನೆ, ಬಹುಶಃ ಈ ಕಾಗದಕ್ಕಿಂತ ಮೊದಲೇ ತಲುಪುತ್ತಾನೆ. ಅಕಸ್ಮಾತ್ ಕಾಗದವೇ ಮೊದಲು ಬಂದರೆ ಹಿತ್ತಿಲ ಕಡೆಯಿಂದ ಓಡಿಹೋಗಬೇಡ. ಬಾಗಿಲು ತೆಗೆ.