ಗಾಳಿಯ ಮೇಲೆ ಕೇಸಿಲ್ಲ

ನಂಗಲಿ,
ಬುಧವಾರ, ೧೧ ಜೂನ್ ೨೦೨೫

ಪ್ರಿಯ ಮುಖ್ತಿಯಾರ್,

ಬಕ್ರೀದ್ ಕಳೆದ ಮೇಲೆ ಶುಭಾಶಯ ಹೇಳುತ್ತಿದ್ದೇನೆ; ಮನ್ನಿಸು. ಮಾವಿನ ಕಾಲದ ಗದ್ದಲದಲ್ಲೂ ಶ್ರೀನಿವಾಸಪುರದ ಮಂಡಿಯಲ್ಲಿ ಕುಳಿತು ನೀನು ಎರಡು ಪುಟ ಬರೆದೆ. ಬಿಡುವಾಗಿದ್ದ ನಾನು ತಿಂಗಳಾದರೂ ಉತ್ತರಿಸಲಿಲ್ಲ. "ಮುನಿಕೃಷ್ಣನ್ನ ಕ್ಷಮಿಸಿಬಿಡೋ" ಎಂದಿದ್ದೀಯೆ.

ಕ್ಷಮಿಸುವುದಿಲ್ಲ.

ರಸ್ತೆ ಬದಿಯ ಅವನ ಹೊಲ ಮರಳುಮಣ್ಣಿನದು. ಹುರುಳಿಯ ಕೂಳೆ ಉಳಿದಿದ್ದರೆ ಅದು ಕದಲುತ್ತಿರಲಿಲ್ಲ. ಅವನು ಕೂಳೆ ಕೀಳಿಸಿದ, ಪಡುವಣ ಬದುವಿನ ಹೊಂಗೆ ಸಾಲನ್ನು ಕಡಿಸಿದ, ಒಣನೆಲಕ್ಕೆ ಮೂರು ಸಲ ರೋಟವೇಟರ್ ಹೊಡೆಸಿ ಹಿಟ್ಟು ಮಾಡಿಟ್ಟ. ಕಳೆದ ಆಷಾಢದ ಗಾಳಿ ಆ ಹಿಟ್ಟನ್ನೆತ್ತಿ ರಸ್ತೆಗೆ ಅಡ್ಡಲಾಗಿ ಗೋಡೆ ಕಟ್ಟಿತು. ನನ್ನ ಮಗ ಅನಿಲ್‌ಕುಮಾರ್ ಬೈಕಿನಲ್ಲಿ ಆ ಗೋಡೆಯೊಳಗೆ ಹೋದ. ಒಳಗೆ ಲಾರಿ ನಿಂತಿತ್ತು.

ಕೇಳಲು ಹೋದರೆ ಮುನಿಕೃಷ್ಣ ಟೀ ಲೋಟ ಕೆಳಗಿಡದೆ ಹೇಳಿದ: "ನಮ್ಮ ಹೊಲ ನಾವು ಉತ್ಕೊಂಡ್ವಿ ಮೇಷ್ಟ್ರೇ. ಗಾಳಿ ಮೇಲೆ ಯಾರಾದ್ರೂ ಕೇಸ್ ಹಾಕ್ತಾರಾ?" ಟೀ ಅಂಗಡಿಯ ವೆಂಕಟ್ ದನಿಗೂಡಿಸಿದ: "ಸಮನ್ಸ್ ಯಾವ ಅಡ್ರೆಸ್‌ಗೆ ಕಳಿಸ್ತೀರಾ?" ಎಲ್ಲರೂ ನಕ್ಕರು.

ಒಪ್ಪಿದೆ. ಗಾಳಿಯ ಮೇಲೆ ಕೇಸಿಲ್ಲ.

ನನ್ನ ಹೊಲದ ಮೂಡಲಿಗೆ ಅವನದೇ ಇನ್ನೊಂದು ತುಂಡಿದೆ. ಮೊನ್ನೆ ಟೊಮೇಟೊ ಸಸಿ ನಾಟಿದ್ದಾನೆ. ಪಡುವಣ ಗಾಳಿಗೆ ಅಡ್ಡವಾಗಿ ನಡುವೆ ನನ್ನ ಸರ್ವೆ ಮರಗಳಿರುವುದರಿಂದ ಆ ಸಸಿಗಳು ನಿಂತಿವೆ. ಸೋಮವಾರ ಆ ಮರಗಳನ್ನು ಕಡಿಸುತ್ತೇನೆ. ನೆಲವನ್ನು ಅವನಂತೆಯೇ ಮೂರು ಸಲ ಪುಡಿ ಮಾಡಿಸಿ, ಏನನ್ನೂ ಬಿತ್ತದೆ ಬಿಡುತ್ತೇನೆ. ಹಾರುವ ಮರಳು ಎಳೆಯ ಕಾಂಡಗಳನ್ನು ಉಜ್ಜಿ ಸುಲಿಯುವುದನ್ನು ಬದುವಿನ ಮೇಲೆ ಕುರ್ಚಿ ಹಾಕಿಕೊಂಡು ನೋಡುತ್ತೇನೆ. ನನ್ನ ಮೇಲ್ಮಣ್ಣೂ ಹೋಗುತ್ತದೆ, ಹೋಗಲಿ. ಅದನ್ನು ಉಳಿಸಿ ಯಾರಿಗೆ ಕೊಡಲಿ? ಅವನು ಕೇಳಲು ಬಂದರೆ ಅವನ ಮಾತನ್ನೇ, ಒಂದಕ್ಷರ ಬದಲಿಸದೆ, ಅವನಿಗೆ ಒಪ್ಪಿಸುತ್ತೇನೆ.

ಅನಿಲನ ಅಮ್ಮ ಗಂಗಾಲಕ್ಷ್ಮಿಗೂ ತಿಳಿಸಿದೆ. "ನಿಮ್ಮಿಷ್ಟ" ಎಂದು ಒಳಗೆ ಹೋದಳು. ವರ್ಷದಿಂದ ಅವಳ ಮಾತು ಅಷ್ಟೇ.

ನಿನ್ನ ಮಗಳು ಅರ್ಷಿಯಾ ನೂರು ಕಾಲ ಬಾಳಲಿ. ಗಾಳಿಯ ದಿನಗಳಲ್ಲಿ ಕಾಲೇಜಿಗೆ ಬಸ್ಸಿನಲ್ಲೇ ಹೋಗಲೆಂದು ನನ್ನ ಹೆಸರು ಹೇಳಿ ಗದರು.

ನಿನ್ನ,
ಶ್ರೀಧರ್

ತಾ.ಕ.: ಹೊಂಗೆ ಸಾಲು ಕಡಿಯಲು ಮುನಿಕೃಷ್ಣನಿಗೆ ಅನುಮತಿಯ ಅರ್ಜಿ ಬರೆದುಕೊಟ್ಟವನು ನಾನು. ಅನಿಲ್ ಪಕ್ಕದಲ್ಲೇ ನಿಂತಿದ್ದ. "ಬೇಡಪ್ಪಾ, ಮಣ್ಣೆಲ್ಲ ರಸ್ತೆಗೆ ಬರುತ್ತೆ" ಎಂದ. ಕೋಲಾರದ ಕಾಲೇಜಿನ ಚರ್ಚಾಕೂಟದಲ್ಲಿ ಎದುರಾಳಿಗೆ ಕೊಡುತ್ತಿದ್ದಂತೆ ಮೂರು ಕಾರಣ ಕೊಟ್ಟು ಅವನ ಬಾಯಿ ಮುಚ್ಚಿಸಿದೆ. "ಸರಿ ಬಿಡು, ನೀನೇ ಗೆದ್ದೆ" ಎಂದು ನಕ್ಕ. ಸೋಮವಾರ ಬೆಳಿಗ್ಗೆ ಏಳಕ್ಕೆ ಮರ ಕಡಿಯುವವರು ಬರುತ್ತಾರೆ. ಬೇಡವೆನ್ನಲು ಮನೆಯಲ್ಲಿ ಈಗ ಯಾರೂ ಇಲ್ಲ. ಬರುವುದಿದ್ದರೆ ಭಾನುವಾರವೇ ಬಾ.