ಕೀಲ್ ಬಿಗಿ ಮಾಡಿದ ದಿನ

ಮಾರ್ಚ್ ೧೪, ಗುರುವಾರ

ದೋಣಿಯ ಕೆಲಸ ಇವತ್ತು ಮುಗೀತು. ಆದರೂ ಮನಸ್ಸಿಗೆ ಸಮಾಧಾನ ಇಲ್ಲ.

ಈ ಹಳೇ ಹಾಯಿದೋಣಿಗೂ ಅದು ಮಗುಚದಂತೆ ಅಡಿಗೆ ಬೋಲ್ಟ್ ಹಾಕಿ ಕೂರಿಸಿದ ಸೀಸದ ಭಾರಕ್ಕೂ, ಅಂದರೆ ಕೀಲ್‌ಗೂ, ನಡುವಿನ ಸಂದಿ ಸೋರೋದು ಹೊಸದಲ್ಲ. ಹಿಂದಿನ ಸಲ ನಾನೂ ನನ್ನವಳೂ ಸೇರಿ ರಿಪೇರಿ ಮಾಡಿದ್ದೆವು. ಈ ಸಲ ದೋಣಿಯನ್ನು ದಡಕ್ಕೆ ಎತ್ತಿಸಿ, ಹಳೇ ಅಂಟನ್ನು ಮೂರು ದಿನ ಒಬ್ಬನೇ ಕೆರೆದೆ. ಇವತ್ತು ಹೊಸ ಅಂಟು ತುಂಬಿ, ದೋಣಿಯೊಳಗೆ ಮಂಡಿಯೂರಿ ಕೂತು ಕೀಲ್‌ನ ಬೋಲ್ಟ್ ಬಿಗಿ ಮಾಡತೊಡಗಿದೆ. ಸಂದಿಯಿಂದ ಅಂಟು ಒಂದೇ ಸಮ ಉಕ್ಕಿದಾಗ ನಿಲ್ಲಿಸಬೇಕು. ಅದನ್ನು ನೋಡಿ ಹೇಳೋಕೆ ಕೆಳಗೊಬ್ಬರು ಬೇಕು. ಅರ್ಧ ಸುತ್ತಿಗೊಮ್ಮೆ ಏಣಿ ಇಳಿದು ಹತ್ತಿ ಸಾಕಾಗಿಹೋಯಿತು. ಐದನೇ ಬೋಲ್ಟಿಗೆ ಬಾಯಿ ತಪ್ಪಿ ಕೂಗಿಬಿಟ್ಟೆ.

“ಬಂತೇನೇ?”

ಅವಳು ತೀರಿಕೊಂಡು ಎರಡು ವರ್ಷ.

“ಇನ್ನೂ ಇಲ್ಲ ಯಜಮಾನ್ರೇ, ಇನ್ನರ್ಧ ಸುತ್ತು ಹಾಕಿ!”

ಪಕ್ಕದ ದೋಣಿಗೆ ಬಣ್ಣ ಬಳಿಯುವ ಹೆಂಗಸು. ಮೂರು ದಿನದಿಂದ ಅಕ್ಕಪಕ್ಕ ಕೆಲಸ ಮಾಡುತ್ತಿದ್ದರೂ ನಾವು ಒಂದು ಮಾತೂ ಆಡಿರಲಿಲ್ಲ. ಇನ್ನರ್ಧ ಸುತ್ತು ಹಾಕಿದೆ.

“ಹಾಂ, ಈಗ ಬಂತು, ಸಾಕು!”

ಉಳಿದ ಬೋಲ್ಟುಗಳೂ ಹಾಗೇ ಮುಗಿದವು. ಯಾರನ್ನು ಕೂಗಿದಿರಿ ಅಂತ ಆಕೆ ಕೇಳಲಿಲ್ಲ. ನಾನು ಮುಖ ಒರೆಸಿಕೊಂಡು ಇಳಿಯುವಷ್ಟರಲ್ಲಿ ಹೊರಟುಹೋಗಿದ್ದರು. ಉಕ್ಕಿದ ಅಂಟನ್ನೆಲ್ಲ ನೀಟಾಗಿ ಒರೆಸಿದ್ದರು.

ಅಂಟು ಒಣಗೋಕೆ ಒಂದು ವಾರ ಬೇಕು. ಸೋರುತ್ತೋ ಇಲ್ಲವೋ ಆಮೇಲೆ ಗೊತ್ತಾಗುತ್ತೆ. ನಾಳೆ ಅವರಿಗೆ ಥ್ಯಾಂಕ್ಸ್ ಹೇಳಬೇಕು. ಆದರೆ ಈ ಸಂಕಟ ಯಾರಿಗೆ ಹೇಳಲಿ? ಕೆಳಗಿಂದ ಉತ್ತರ ಬಂದಾಗ ಒಂದು ಕ್ಷಣ ನನಗೆ ಆಶ್ಚರ್ಯವೇ ಆಗಲಿಲ್ಲ. ಅವಳೇ ನಿಂತಿದ್ದಾಳೆ ಅನ್ನೋ ಹಾಗೆ ಸುಮ್ಮನೆ ಸ್ಪ್ಯಾನರ್ ತಿರುಗಿಸಿದೆ, ಎಷ್ಟು ಹಾಯಾಗಿ…