ಅರ್ಧ ನಿಮಿಷ ಯಾರೂ ಮಾತಾಡಬೇಡಿ

ಬುಧವಾರ, ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಾನು ಕ್ಷೇಮ. ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ತಡವಾಗಿ ಬರೆಯುತ್ತಿದ್ದೇನೆ, ಬೈದುಕೋ. ಫೋನ್ ಇರುವಾಗ ಕಾಗದವೇಕೆಂದು ಮಾತ್ರ ನಗಬೇಡ. ನಿನಗೆ ಫೋನ್ ಮಾಡಿದರೆ ಎತ್ತುವವರು ಭಾವ. ನಿನ್ನ ಕೈಗೆ ಕೊಟ್ಟರೂ ಸ್ಪೀಕರ್ ಹಾಕಿಯೇ ಕೊಡುತ್ತಾರೆ. ಇದನ್ನು ನೀನೊಬ್ಬಳೇ ಓದಬೇಕು, ಅದಕ್ಕೇ ನಿನ್ನ ಲೈಬ್ರರಿಯ ವಿಳಾಸಕ್ಕೆ ಕಳಿಸಿದ್ದೇನೆ.

ಮೊದಲು ನನ್ನ ವೈಭವ ಕೇಳು. ಸ್ವತಂತ್ರ ಸಾಕ್ಷ್ಯಚಿತ್ರ ನಿರ್ದೇಶಕನೆಂದರೆ ನಿರ್ಮಾಪಕ, ಕ್ಯಾಮೆರಾಮನ್, ಚಹಾ ತರುವವನು ಎಲ್ಲ ಒಬ್ಬನೇ. ಜಗಳವಾದರೆ ಇಡೀ ತಂಡ ಒಟ್ಟಿಗೆ ಊಟ ಬಿಡುತ್ತದೆ. ನಮ್ಮ ಮನೆ ಓನರಮ್ಮನ ಪಾಲಿಗೆ ಡಾಕ್ಯುಮೆಂಟರಿ ಎಂದರೆ ಡಾಕ್ಯುಮೆಂಟು. ಮೊನ್ನೆ ತಮ್ಮ ಸೈಟಿನ ಪತ್ರ ತಂದು, "ಸ್ವಲ್ಪ ಕಣ್ಣಾಡಿಸಿ ಸಾರ್, ಇದ್ರಲ್ಲಿ ಯಾರೋ ಏನೋ ಮುಚ್ಚಿಟ್ಟಿದಾರೆ" ಎಂದರು. ಜನ ಮುಚ್ಚಿಟ್ಟದ್ದು ನನ್ನ ಕಣ್ಣಿಗೆ ಬೀಳುತ್ತದೆಂದು ಅವರ ಗಾಢ ನಂಬಿಕೆ. ಬೀಳದಿದ್ದರೆ ಎಷ್ಟು ಚೆನ್ನಾಗಿತ್ತು.

ಈಗ ವಿಷಯ. ಭಾನುವಾರ ಕಾರ್ಮಿಕ ಸಂಘದ ಹಾಲಿನಲ್ಲಿ ನನ್ನ ಬಾಯ್ಲರ್ ಚಿತ್ರದ ಪ್ರದರ್ಶನ. ಆರಡಿ ಬೆಳೆದರೂ ಕಿರಿಯ ತಮ್ಮನೆಂಬ ಏಕೈಕ ಕಾರಣಕ್ಕೆ ಕುಳ್ಳನಾಗಿಯೇ ಉಳಿದ ನಮ್ಮ ಕುಳ್ಳ ಆ ಬಾಯ್ಲರ್ ಸಿಡಿದು ತೀರಿಹೋದ. ವಾಲ್ವ್ ನೋಡದೆ ಉರಿ ಏರಿಸಿದ್ದು ಅವನದೇ ತಪ್ಪು ಎಂದು ಕಾರ್ಖಾನೆಯವರು ಬರೆದು ಕೈತೊಳೆದುಕೊಂಡರಲ್ಲ, ಆ ಒಂದು ಮಾತು ಅಳಿಸಲಿಕ್ಕೇ ನಾನು ಇಷ್ಟು ದಿನ ಕ್ಯಾಮೆರಾ ಹೊತ್ತದ್ದು.

ಅವನಿಗೆ ಫೋರ್‌ಮನ್ ಆಗಿದ್ದವರು ಭಾವ. ನಿಮ್ಮ ಮನೆಯ ಹಾಲಿನಲ್ಲೇ ಕೂರಿಸಿ, ವಾಲ್ವ್ ಕಚ್ಚಿಕೊಂಡಿದ್ದು ಮೊದಲೇ ಗೊತ್ತಿತ್ತಾ ಎಂದು ಕೇಳಿದ್ದೆ. ಇಲ್ಲ ಎಂದರು. ನೀಟಾಗಿ, ಕೆಮ್ಮದೆ, ಇಲ್ಲ ಎಂದರು.

ನಮ್ಮ ಕಸುಬಿನಲ್ಲಿ ಒಂದು ಶಾಸ್ತ್ರವಿದೆ. ಮಾತೆಲ್ಲ ಮುಗಿದ ಮೇಲೆ ಆ ಕೋಣೆಯ ಮೌನವನ್ನೂ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಬೇಕು. ಮಾತು ಕತ್ತರಿಸಿದ ಕಡೆ ತೇಪೆ ಹಾಕಲು ಅದೇ ಕೋಣೆಯ ಮೌನ ಬೇಕು, ಪಕ್ಕದ ಮನೆಯದು ಹೊಂದುವುದಿಲ್ಲ. "ಅರ್ಧ ನಿಮಿಷ ಯಾರೂ ಮಾತಾಡಬೇಡಿ" ಎಂದು ಅಪ್ಪಣೆ ಹೊರಡಿಸಿ, ಹೆಡ್‌ಫೋನ್ ಒತ್ತಿಕೊಂಡು, ಋಷಿಯಂತೆ ಕಣ್ಣು ಮುಚ್ಚಿದೆ. ಋಷಿಗಳು ಕ್ಯಾಮೆರಾ ನಿಲ್ಲಿಸಲು ಮರೆತಿದ್ದರು.

ಎಡಿಟಿಂಗಿಗೆ ಕೂತಾಗ ನೋಡುತ್ತೇನೆ: ಆ ಮೌನದ ನಡುವೆ ಭಾವ ನನ್ನ ಕಡೆಗೆ ಕತ್ತೆತ್ತಿ, ಸದ್ದಿಲ್ಲದೆ, ತುಟಿ ಮಾತ್ರ ಆಡಿಸಿ ಕೇಳುತ್ತಾರೆ, "ಹೇಳಿಬಿಡ್ಲಾ?"

ಚಿತ್ರ ಮುಗಿದ ಮೇಲೆ, ಕೊಟ್ಟ ಮಾತಿನಂತೆ ಅವರಿಗೆ ತೋರಿಸಿದೆ. ಕುಳ್ಳನ ಹಳೆಯ ಫೋಟೋಗಳಿಗೆ ಕಣ್ಣೊರೆಸಿಕೊಂಡರು. ಕೊನೆಯಲ್ಲಿ ನಾನು ಹಾಗೇ ಉಳಿಸಿಕೊಂಡಿದ್ದ ಆ ಅರ್ಧ ನಿಮಿಷದ ಮೌನ ಬಂದದ್ದೇ ಎದ್ದು ಚಪ್ಪಲಿ ಹುಡುಕಿದರು. ಅಲ್ಲಿ ಯಾರೂ ಮಾತಾಡಲ್ಲ, ಬೋರು, ತೆಗೆದುಹಾಕು ಎಂದರು. ಮರುದಿನ ಫೋನ್ ಮಾಡಿ, ಜನ ಎದ್ದು ಹೋಗುತ್ತಾರೆ ಎಂದು ನನ್ನ ಕೀರ್ತಿಯ ಬಗ್ಗೆ ಮರುಗಿದರು. ನಿನ್ನೆ ಮರುಕ ಮುಗಿದಿತ್ತು.

"ನೋಡಪ್ಪಾ ಡೈರೆಕ್ಟರು, ಅದು ಹಾಗೇ ಇದ್ರೆ ನಿಮ್ಮಕ್ಕನ ಮನೆಗೆ ನೀನು ಕಾಲಿಡೋ ಹಾಗಿಲ್ಲ."

ಆಯ್ತು ಭಾವ, ಎಂದೆ. ಯಾವುದಕ್ಕೆ ಆಯ್ತು ಎಂದು ಅವರೂ ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಕತ್ತರಿ ಹಾಕಿಲ್ಲ, ಅಕ್ಕ. ಹಾಕುವುದೂ ಇಲ್ಲ.

ಮಕ್ಕಳಿಗೆ ಆಶೀರ್ವಾದ. ದೊಡ್ಡವಳು ಮಾಮನ ಹಾಗೆ ಸಿನಿಮಾ ಮಾಡುತ್ತೇನೆಂದರೆ ಕಿವಿ ಹಿಂಡು, ನನ್ನ ಪರವಾಗಿಯೂ ಒಂದು ಸಲ. ನಿನ್ನ ಆಶೀರ್ವಾದ ಭಾನುವಾರದ ಮಟ್ಟಿಗಾದರೂ ನನ್ನ ಮೇಲಿರಲಿ.

ಇಂತಿ,
ಉಳಿದೊಬ್ಬ ತಮ್ಮ

ತಾ.ಕ.: ಭಾವ ನನ್ನ ಕಡೆಗೆ ಕತ್ತೆತ್ತಿದರು ಎಂದು ಬರೆದೆನಲ್ಲ, ಅವರು ನೋಡಿದ್ದು ನನ್ನ ಹೆಗಲಿನಾಚೆಗೆ. ಅವರ ಬೆನ್ನ ಹಿಂದಿನ ಬೀರುವಿನ ಕನ್ನಡಿಯಲ್ಲಿ ಅಡುಗೆಮನೆಯ ಬಾಗಿಲು ಕಾಣುತ್ತದೆ. ಬಾಗಿಲಲ್ಲಿ ನೀನು, ತುಟಿಯ ಮೇಲೆ ಬೆರಳಿಟ್ಟುಕೊಂಡು. ಮಾತಾಡಬೇಡಿ ಎಂದು ಅಪ್ಪಣೆ ಕೊಟ್ಟವನು ನಾನೇ, ಒಪ್ಪಿದೆ. ಆ ಬೆರಳು ನನ್ನ ರೆಕಾರ್ಡಿಂಗ್ ಕೆಡದಿರಲಿ ಅಂತಷ್ಟೇ ಇಟ್ಟಿದ್ದಾ, ಅಕ್ಕ? ಭಾನುವಾರ ಮುಂದಿನ ಸಾಲಿನಲ್ಲಿ ನಿನಗೊಂದು ಕುರ್ಚಿ ಹಿಡಿದಿಟ್ಟಿರುತ್ತೇನೆ. ನೀನು ಬಂದು ಕೂತರೆ, ಹೌದು ಅಂತ ತಿಳಿದುಕೊಳ್ಳುತ್ತೇನೆ.